ಒಂದೇ ತೋಳು, ಎಪ್ಪತ್ತು ಪಂದ್ಯ: ಕಾಲೇಜು ಸಾಫ್ಟ್‌ಬಾಲ್ ಸೀಸನ್ ಯಾರ ಮೇಲೆ ನಿಂತಿರುತ್ತದೆ?

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ನಾನು ಊರಲ್ಲಿ ಕ್ರಿಕೆಟ್ ನೋಡಿಕೊಂಡು ಬೆಳೆದವನು. 2025ರ ಜೂನ್‌ನಲ್ಲಿ ಟೆಕ್ಸಸ್ ಮತ್ತು ಟೆಕ್ಸಸ್ ಟೆಕ್ ನಡುವಿನ ಮಹಿಳಾ ಕಾಲೇಜು ಸಾಫ್ಟ್‌ಬಾಲ್ ಫೈನಲ್ಸ್ ಅನ್ನು ಮಗಳ ಜೊತೆ ಕೂತು ನೋಡಿದೆ. ಹತ್ತು ಲಕ್ಷ ಡಾಲರ್ ಕೊಟ್ಟು ಕರೆತಂದ ಪಿಚರ್ (ಚೆಂಡು ಎಸೆಯುವವಳು) ಎಂದು ಎಲ್ಲರೂ ಹೇಳುತ್ತಿದ್ದ ನೈಜರೀ ಕ್ಯಾನಡಿಯನ್ನು ಕೊನೆಯ ಪಂದ್ಯದಲ್ಲಿ ಒಂದೇ ಇನಿಂಗ್ಸ್ ಆಡಿಸಿ ಹೊರಗೆ ಕೂರಿಸಿದರು. ಫೆಬ್ರುವರಿಯಿಂದ ಅಷ್ಟೊಂದು ಪಂದ್ಯ ಗೆದ್ದ ತಂಡ ಕೊನೆಯ ದಿನ ಹೀಗೇಕೆ ಕುಸಿಯಿತು? ಒಬ್ಬಳೇ ಹುಡುಗಿ ದಿನಾ ಎಸೆಯುವುದು ಈ ಆಟದಲ್ಲಿ ಮಾಮೂಲೇ? ಹದಿಮೂರು ವರ್ಷದ ನನ್ನ ಮಗಳೂ ಈಗ ಪಿಚಿಂಗ್ ಕಲಿಯುತ್ತಿದ್ದಾಳೆ. ಕೈ ಕೆಳಗಿನಿಂದ ಎಸೆಯುವುದರಿಂದ ತೋಳಿಗೆ ಏನೂ ಆಗುವುದಿಲ್ಲ ಎಂದು ಅವಳ ಕೋಚ್ ಹೇಳುತ್ತಾರೆ. ನಿಜವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ನಿಮ್ಮ ಮಗಳ ವಿಷಯ. ಕೋಚ್ ಹೇಳಿದ್ದು ನಿಜವಲ್ಲ. ಅವರು ಬೇಕೆಂದು ತಪ್ಪು ಹೇಳಿರಲಾರರು. ಅಮೆರಿಕದ ಸಾಫ್ಟ್‌ಬಾಲ್ ಮೈದಾನಗಳಲ್ಲಿ ದಶಕಗಳಿಂದ ಬಾಯಿಂದ ಬಾಯಿಗೆ ಬಂದ ನಂಬಿಕೆ ಅದು. ಕಾಲೇಜು ಸೀಸನ್ನಿನ ಲೆಕ್ಕಾಚಾರವೆಲ್ಲ ಬಹಳ ಕಾಲ ಆ ನಂಬಿಕೆಯ ಮೇಲೇ ನಡೆಯಿತು. ನೀವು ಮಗಳ ಜೊತೆ ನೋಡಿದ ಆ ಕೊನೆಯ ರಾತ್ರಿಗೂ ಅದಕ್ಕೂ ನೇರ ಸಂಬಂಧವಿದೆ. ಹಾಗಾಗಿ ನಿಮ್ಮ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಮಾಡದೆ ಒಟ್ಟಿಗೇ ಬಿಡಿಸುತ್ತೇನೆ.

ಮೊದಲು ಸೀಸನ್ ಹೇಗೆ ಸಾಗುತ್ತದೆ ಎಂಬುದು ತಿಳಿದಿರಲಿ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಮೊದಲ ಡಿವಿಷನ್‌ನಲ್ಲಿ ಸುಮಾರು 300 ಕಾಲೇಜು ತಂಡಗಳಿವೆ. ಫೆಬ್ರುವರಿ ಆರಂಭದಲ್ಲೇ ಆಟ ಶುರು. ಆ ಹೊತ್ತಿಗೆ ಉತ್ತರದ ರಾಜ್ಯಗಳಲ್ಲಿ ಮೈದಾನದ ಮೇಲೆ ಹಿಮ ಬಿದ್ದಿರುತ್ತದೆ. ಹೀಗಾಗಿ ಮಿಷಿಗನ್, ಮಿನ್ನೆಸೋಟದಂಥ ಕಡೆಯ ತಂಡಗಳು ಬ್ಯಾಗು ಕಟ್ಟಿಕೊಂಡು ಫ್ಲಾರಿಡಾದ ಕ್ಲಿಯರ್‌ವಾಟರ್‌ಗೋ ಕ್ಯಾಲಿಫೋರ್ನಿಯಾದ ಕ್ಯಾಥೆಡ್ರಲ್ ಸಿಟಿಗೋ ಹೊರಡುತ್ತವೆ. ಅಲ್ಲಿ ಒಂದೇ ವಾರಾಂತ್ಯದಲ್ಲಿ ನಾಲ್ಕೈದು ಪಂದ್ಯ. ಗುರುವಾರ ವಿಮಾನ ಹತ್ತಿ, ಭಾನುವಾರ ರಾತ್ರಿ ಮರಳಿ, ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಕೂರುತ್ತಾರೆ ಆ ಹುಡುಗಿಯರು. ಬಿಸಿಲಿನ ನಾಡಿನ ತಂಡಗಳಿಗೆ ಇದರಿಂದ ಎಷ್ಟು ಅನುಕೂಲವೆಂದರೆ, ಎನ್‌ಸಿಎಎ ಪ್ರಶಸ್ತಿ 1982ರಲ್ಲಿ ಶುರುವಾದರೂ ಮಿಸಿಸಿಪ್ಪಿ ನದಿಯ ಪೂರ್ವದ ತಂಡವೊಂದು ಅದನ್ನು ಗೆಲ್ಲಲು 2005ರವರೆಗೆ ಕಾಯಬೇಕಾಯಿತು. ಗೆದ್ದದ್ದು ಕ್ಯಾರೊಲ್ ಹಚಿನ್ಸ್ ತರಬೇತಿಯ ಮಿಷಿಗನ್.

ಮಾರ್ಚ್‌ನಿಂದ ಕಾನ್ಫರೆನ್ಸ್ ಪಂದ್ಯಗಳು. ಅಂದರೆ ತಮ್ಮ ತಮ್ಮ ಲೀಗಿನ ತಂಡಗಳ ವಿರುದ್ಧ ಪ್ರತಿ ವಾರಾಂತ್ಯ ಮೂರು ಪಂದ್ಯಗಳ ಸರಣಿ, ವಾರದ ನಡುವೆ ಇನ್ನೊಂದು. ನಿಯಮಿತ ಸೀಸನ್‌ಗೆ 56 ಪಂದ್ಯಗಳ ಮಿತಿ ಇದೆ. ಮೇ ತಿಂಗಳಲ್ಲಿ ಕಾನ್ಫರೆನ್ಸ್ ಟೂರ್ನಿ ಮುಗಿದ ಮೇಲೆ 64 ತಂಡಗಳ ಪಟ್ಟಿ ಹೊರಬೀಳುತ್ತದೆ. ನಾಲ್ಕು ನಾಲ್ಕು ತಂಡಗಳು 16 ಊರುಗಳಲ್ಲಿ ಸೇರಿ ಆಡುತ್ತವೆ, ಎರಡು ಸಲ ಸೋತವರು ಮನೆಗೆ. ಉಳಿದ 16 ತಂಡಗಳು ಸೂಪರ್ ರೀಜನಲ್‌ನಲ್ಲಿ ಜೋಡಿ ಜೋಡಿಯಾಗಿ ಮೂರು ಪಂದ್ಯಗಳ ಸರಣಿ ಆಡುತ್ತವೆ. ಅಲ್ಲಿ ಗೆದ್ದ ಎಂಟು ತಂಡಗಳು ಒಕ್ಲಹೋಮ ಸಿಟಿಯ ಡೆವೊನ್ ಪಾರ್ಕ್‌ಗೆ ಹೋಗುತ್ತವೆ. ಮಹಿಳಾ ಕಾಲೇಜು ವರ್ಲ್ಡ್ ಸೀರೀಸ್ ಎನ್ನುವುದು ಇದನ್ನೇ. ಕೊನೆಯವರೆಗೂ ಉಳಿದ ತಂಡ ಹೆಚ್ಚುಕಡಿಮೆ 70 ಪಂದ್ಯ ಆಡಿರುತ್ತದೆ, ಅದೂ ನಾಲ್ಕು ತಿಂಗಳಲ್ಲಿ.

ಈ ವೇಳಾಪಟ್ಟಿ ಎಷ್ಟು ನಿರ್ದಯ ಎಂಬುದಕ್ಕೆ 2025ರಲ್ಲೇ ಉದಾಹರಣೆ ಸಿಕ್ಕಿತು. ನಿಮ್ಮ ರಾಜ್ಯದ್ದೇ ಟೆಕ್ಸಸ್ ಎ ಅಂಡ್ ಎಂ ತಂಡಕ್ಕೆ ಮೊದಲ ಶ್ರೇಯಾಂಕವಿತ್ತು. ಆ ತಂಡ ತನ್ನದೇ ಮೈದಾನದಲ್ಲಿ, ಮೊದಲ ವಾರಾಂತ್ಯದಲ್ಲೇ, ಲಿಬರ್ಟಿ ಎಂಬ ಶ್ರೇಯಾಂಕವಿಲ್ಲದ ತಂಡಕ್ಕೆ ಸೋತು ಹೊರಬಿತ್ತು. ಮೊದಲ ಶ್ರೇಯಾಂಕದ ತಂಡ ಸೂಪರ್ ರೀಜನಲ್ ಕೂಡ ಮುಟ್ಟದೆ ಹೋದದ್ದು ಅದೇ ಮೊದಲು.

ಈಗ ಇದೇ ವೇಳಾಪಟ್ಟಿಯನ್ನು ಪಿಚರ್ ಜಾಗದಲ್ಲಿ ನಿಂತು ನೋಡಿ. ಕ್ರಿಕೆಟ್‌ನಲ್ಲಿ ಬೌಲರ್‌ಗೆ ಮಿತಿ ಇದೆ: ಟಿ20ಯಲ್ಲಿ 4 ಓವರ್, ಏಕದಿನದಲ್ಲಿ 10. ಟೆಸ್ಟ್‌ನಲ್ಲಿ ಮಿತಿ ಇಲ್ಲದಿದ್ದರೂ ಒಬ್ಬನೇ ಸತತ ಎರಡು ಓವರ್ ಹಾಕುವಂತಿಲ್ಲ, ಇನ್ನೊಬ್ಬ ಬೌಲರ್ ಇರಲೇಬೇಕು. ಸಾಫ್ಟ್‌ಬಾಲ್‌ನಲ್ಲಿ ಏಳು ಇನಿಂಗ್ಸ್, ಇನಿಂಗ್ಸ್‌ಗೆ ಮೂರು ಔಟ್. ಆ 21 ಔಟುಗಳನ್ನೂ ಒಬ್ಬಳೇ ತೆಗೆಯಬಹುದು. ಒಂದು ಪಂದ್ಯಕ್ಕೆ ನೂರು ಎಸೆತ ಎಂದಿಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ ಅದು ಒಂದೇ ತುದಿಯಿಂದ ಹದಿನಾರು ಹದಿನೇಳು ಓವರ್. ಮರುದಿನ ಮತ್ತೆ ಅಷ್ಟೇ, ಅದರ ಮರುದಿನವೂ ಅಷ್ಟೇ. ಎನ್‌ಸಿಎಎ ನಿಯಮದಲ್ಲಿ ಇದಕ್ಕೆ ತಡೆಯೇ ಇಲ್ಲ.

ಈ ಎಸೆತವನ್ನು ಹಗುರವಾಗಿ ಕಾಣಬೇಡಿ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 43 ಅಡಿ, ಅಂದರೆ 13 ಮೀಟರ್ ಮಾತ್ರ. ನಮ್ಮ ಪಿಚ್ 22 ಗಜ, 20 ಮೀಟರ್. ಪಿಚರ್ ತೋಳನ್ನು ಗಿರಗಿಟ್ಲೆಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಅದೇ ಕ್ಷಣದಲ್ಲಿ ಹಿಂಗಾಲಿನಿಂದ ನೆಲವನ್ನು ಒದ್ದು ಮುಂದಕ್ಕೆ ಚಿಮ್ಮಿ, ಸೊಂಟದ ಪಕ್ಕದಲ್ಲಿ ಚೆಂಡು ಬಿಡುತ್ತಾಳೆ. ಬಿಡುವ ಹೊತ್ತಿಗೆ ಅವಳು ಐದಾರು ಅಡಿ ಮುಂದೆ ಬಂದಿರುತ್ತಾಳೆ. 2025ರ ಮೇ ತಿಂಗಳಲ್ಲಿ ಟೆನೆಸ್ಸೀಯ ಕಾರ್ಲಿನ್ ಪಿಕನ್ಸ್ ಗಂಟೆಗೆ 79.4 ಮೈಲಿ ವೇಗದಲ್ಲಿ ಎಸೆದು ಕಾಲೇಜು ದಾಖಲೆ ಮಾಡಿದಳು. ನಮ್ಮ ಲೆಕ್ಕದಲ್ಲಿ 128 ಕಿಲೋಮೀಟರ್. ವೇಗವನ್ನಷ್ಟೇ ಕೇಳಿದರೆ ಮೀಡಿಯಂ ಪೇಸ್ ಅನ್ನಿಸಬಹುದು. ಆದರೆ ದೂರ ಅಷ್ಟು ಕಡಿಮೆ ಇರುವುದರಿಂದ ಚೆಂಡು ಬ್ಯಾಟರ್ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಕಿಲ್ಲ. 140 ಕಿಲೋಮೀಟರ್ ವೇಗದ ಬೌಲರ್‌ನ ಎದುರು ನಮ್ಮ ಬ್ಯಾಟರ್‌ಗೆ ಅದಕ್ಕಿಂತ ಹೆಚ್ಚು, ಅರ್ಧ ಸೆಕೆಂಡಿನ ಹತ್ತಿರ ಸಮಯ ಸಿಗುತ್ತದೆ.

ಇಷ್ಟು ಸಮಯದಲ್ಲಿ ಕಣ್ಣಿಟ್ಟು ನೋಡಿ ಹೊಡೆಯುವುದು ಅಸಾಧ್ಯ. ಬ್ಯಾಟರ್ ಅರ್ಧ ನೋಡುತ್ತಾಳೆ, ಉಳಿದರ್ಧ ಊಹಿಸುತ್ತಾಳೆ. ಪಿಚರ್‌ನ ಕಲೆಯೆಲ್ಲ ಇರುವುದು ಆ ಊಹೆಯನ್ನು ತಪ್ಪಿಸುವುದರಲ್ಲಿ. ರೈಸ್ ಬಾಲ್‌ಗೆ ಕೆಳಗಿನಿಂದ ಹಿಮ್ಮುಖ ಸುತ್ತು ಕೊಡುತ್ತಾರೆ. ಅದು ಕಣ್ಣು ಎಣಿಸಿದಷ್ಟು ಕೆಳಗಿಳಿಯುವುದಿಲ್ಲ, ಬ್ಯಾಟ್ ಅದರ ಅಡಿಯಲ್ಲಿ ಹಾದುಹೋಗುತ್ತದೆ. ಡ್ರಾಪ್ ಬಾಲ್ ಅದೇ ಎತ್ತರದಲ್ಲಿ ಬಂದು ಮೊಣಕಾಲ ಬಳಿ ಕುಸಿಯುತ್ತದೆ. ಚೇಂಜ್‌ಅಪ್‌ನಲ್ಲಿ ತೋಳು ಅದೇ ವೇಗದಲ್ಲಿ ಸುತ್ತಿದರೂ ಚೆಂಡು ನಿಧಾನವಾಗಿ ಬರುತ್ತದೆ. ಮೂರೂ ಹೊರಬೀಳುವಾಗ ಒಂದೇ ಥರ ಕಾಣಬೇಕು. ಮಣಿಕಟ್ಟಿನ ಕೋನದಲ್ಲೋ ಕೈಗವಸಿನೊಳಗೆ ಬೆರಳು ಹೊಂದಿಸುವ ಹೊತ್ತಿನಲ್ಲೋ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಚುರುಕಾದ ಬ್ಯಾಟರ್ ಅದನ್ನು ಹಿಡಿದುಬಿಡುತ್ತಾಳೆ.

ಇಲ್ಲೇ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಅಡಗಿದೆ. ಬ್ಯಾಟಿಂಗ್ ಸಾಲಿನಲ್ಲಿ ಒಂಬತ್ತು ಮಂದಿ. ಏಳು ಇನಿಂಗ್ಸ್‌ನಲ್ಲಿ ಒಬ್ಬೊಬ್ಬರಿಗೂ ಸರಿಸುಮಾರು ಮೂರು ಸಲ ಸರದಿ ಬರುತ್ತದೆ. ಮೊದಲ ಸಲ ಪಿಚರ್‌ನದೇ ಮೇಲುಗೈ. ಎರಡನೇ ಸಲ ಬ್ಯಾಟರ್‌ಗೆ ಸ್ವಲ್ಪ ಸುಳಿವು ಸಿಕ್ಕಿರುತ್ತದೆ. ಮೂರನೇ ಸಲಕ್ಕೆ ರೈಸ್ ಬಾಲ್ ಯಾವ ಎತ್ತರದಿಂದ ಹೊರಡುತ್ತದೆ, ಯಾವುದನ್ನು ಬಿಟ್ಟುಬಿಡಬೇಕು ಎಂದು ಅವಳ ಕಣ್ಣಿಗೆ ಪಳಗಿರುತ್ತದೆ. ಅದೇ ಹೊತ್ತಿಗೆ ಪಿಚರ್‌ನ ಕಾಲು ಸೋತಿರುತ್ತದೆ. ತೋಳಿಗಿಂತ ಮೊದಲು ಸೋಲುವುದು ಕಾಲೇ. ನೆಲವನ್ನು ಒದೆಯುವ ಬಲ ಕುಗ್ಗಿದರೆ ಚೆಂಡು ಎರಡಿಂಚು ಕೆಳಗೆ ಬೀಳುತ್ತದೆ, ರೈಸ್ ಬಾಲ್ ಬ್ಯಾಟಿನ ನೇರಕ್ಕೆ ಬಂದು ಕೂರುತ್ತದೆ.

ಹಾಗಿದ್ದರೆ ಒಬ್ಬಳನ್ನೇ ನೆಚ್ಚಿಕೊಂಡು ಗೆದ್ದವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ, ಆ ಪರಂಪರೆಯೂ ದೊಡ್ಡದು. 2001ರಲ್ಲಿ ಅರಿಜೋನಾದ ಜೆನ್ನಿ ಫಿಂಚ್ 32 ಪಂದ್ಯ ಗೆದ್ದು ಒಂದನ್ನೂ ಸೋಲದೆ ಪ್ರಶಸ್ತಿ ತಂದುಕೊಟ್ಟಳು. 2007ರಲ್ಲಿ ಅದೇ ಅರಿಜೋನಾದ ಟ್ಯಾರಿನ್ ಮೊವಾಟ್ ವರ್ಲ್ಡ್ ಸೀರೀಸ್‌ನ ಎಲ್ಲ ಪಂದ್ಯಗಳಲ್ಲೂ ಎಸೆದಳು. ಒಂದು ವಾರದಲ್ಲಿ ಸಾವಿರಕ್ಕೂ ಹೆಚ್ಚು ಎಸೆತ. ಎದುರಿಗೆ ಟೆನೆಸ್ಸೀಯ ಮೋನಿಕಾ ಆಬಟ್ ಕೂಡ ಅದೇ ರೀತಿ ತಂಡವನ್ನು ಹೆಗಲ ಮೇಲೆ ಹೊತ್ತು ಬಂದಿದ್ದವಳು. ಅಂದು ಗೆದ್ದದ್ದು ಮೊವಾಟ್. ಅದನ್ನು ನೋಡಿದ ಯಾರಿಗೂ ಆ ಹುಡುಗಿಯ ಛಲದ ಬಗ್ಗೆ ಗೌರವ ಬಾರದೆ ಇರದು. ನನಗೂ ಇದೆ. ಆದರೆ ಆ ಒಂದು ವಾರವನ್ನು ಮಾದರಿ ಮಾಡಿಕೊಂಡು ನೂರಾರು ಕೋಚ್‌ಗಳು, ಸಾವಿರಾರು ಅಪ್ಪ ಅಮ್ಮಂದಿರು ಹುಡುಗಿಯರ ತೋಳು ಸವೆಸಿದರು ಎಂಬುದೂ ಅಷ್ಟೇ ನಿಜ.

ನಿಮ್ಮೂರಿನ ತಂಡದ್ದೇ ಕಥೆ ಕೇಳಿ. ಎಡಗೈ ಪಿಚರ್ ಕ್ಯಾಟ್ ಆಸ್ಟರ್‌ಮನ್ ಟೆಕ್ಸಸ್ ಪರ ಆಡಿದವಳು. ಈ ಆಟ ಕಂಡ ಅತಿ ಶ್ರೇಷ್ಠ ಪಿಚರ್‌ಗಳ ಹೆಸರು ಹೇಳುವಾಗ ಅವಳನ್ನು ಬಿಟ್ಟು ಹೇಳಲಾಗದು. ಅವಳಿದ್ದಾಗ 2003, 2005, 2006ರಲ್ಲಿ ಟೆಕ್ಸಸ್ ವರ್ಲ್ಡ್ ಸೀರೀಸ್‌ಗೆ ಹೋಯಿತು, ಒಮ್ಮೆಯೂ ಗೆಲ್ಲಲಿಲ್ಲ. ಅಂಥವಳಿಂದಲೂ ಸಾಧ್ಯವಾಗದ್ದು ಟೆಕ್ಸಸ್‌ಗೆ 2025ರಲ್ಲಿ ಮೊದಲ ಬಾರಿಗೆ ದಕ್ಕಿತು.

ನಡುವೆ ಬದಲಾದದ್ದು ಬ್ಯಾಟಿಂಗ್. ಈಗ ಪ್ರತಿ ಎಸೆತದ ವಿಡಿಯೊ ಇರುತ್ತದೆ. ರಾತ್ರಿ ಹೋಟೆಲಿನಲ್ಲಿ ಕೂತು ಎದುರಾಳಿ ಪಿಚರ್‌ನ ಮಣಿಕಟ್ಟನ್ನು ನಿಧಾನಗತಿಯಲ್ಲಿ ನೋಡಿ ಬರುತ್ತಾರೆ. ಮೈಬಲ ಹೆಚ್ಚಿದೆ, ಬ್ಯಾಟುಗಳು ಸುಧಾರಿಸಿವೆ, ಹೋಮ್‌ರನ್ ಹೊಡೆಯುವವರು, ಅಂದರೆ ಚೆಂಡನ್ನು ಬೇಲಿಯಾಚೆ ಹಾರಿಸುವವರು, ಸಾಲಿನ ಕೊನೆಯವರೆಗೂ ಇದ್ದಾರೆ. ಒಬ್ಬಳನ್ನೇ ಮತ್ತೆ ಮತ್ತೆ ಎದುರಿಗೆ ನಿಲ್ಲಿಸಿದರೆ ಅವರು ಕಲಿತುಬಿಡುತ್ತಾರೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಒಕ್ಲಹೋಮದ ಕೋಚ್ ಪ್ಯಾಟಿ ಗ್ಯಾಸೊ. 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದರು, ಹಿಂದೆ ಯಾರೂ ಮಾಡಿರದ ಸಾಧನೆ. 2023ರಲ್ಲಿ ಅವರ ತಂಡ 61 ಗೆದ್ದು 1 ಸೋತಿತು. ಆ ವರ್ಷ ಅವರ ಬಳಿ ಜೋರ್ಡಿ ಬಾಲ್, ನಿಕೋಲ್ ಮೇ, ಅಲೆಕ್ಸ್ ಸ್ಟೊರಾಕೊ ಎಂಬ ಮೂವರು ಪಿಚರ್‌ಗಳಿದ್ದರು. ಮೂವರ ಎಸೆತವೂ ಬೇರೆ ಬೇರೆ ಬಗೆಯದು. ಒಬ್ಬಳ ಲಯಕ್ಕೆ ಎದುರಾಳಿಯ ಕಣ್ಣು ಹೊಂದಿಕೊಳ್ಳುತ್ತಿದೆ ಎನ್ನುವಷ್ಟರಲ್ಲಿ ಇನ್ನೊಬ್ಬಳು ಬರುತ್ತಿದ್ದಳು.

ಇನ್ನೊಂದು ಸಂಗತಿಯೂ ಹೇಳಬೇಕು. 2021ರಲ್ಲಿ ಜೇಮ್ಸ್ ಮ್ಯಾಡಿಸನ್ ಎಂಬ ಯಾರೂ ಲೆಕ್ಕಕ್ಕಿಡದ ತಂಡವನ್ನು ಒಡಿಸ್ಸಿ ಅಲೆಕ್ಸಾಂಡರ್ ಎಂಬ ಪಿಚರ್ ಸೆಮಿಫೈನಲ್‌ವರೆಗೆ ಎಳೆದು ತಂದಳು. ಮೊದಲ ಪಂದ್ಯದಲ್ಲಿ ಒಕ್ಲಹೋಮವನ್ನೇ ಸೋಲಿಸಿದಳು. ಪಂದ್ಯದ ಮೇಲೆ ಪಂದ್ಯ ಎಸೆದೂ ಎಸೆದೂ ಕೊನೆಗೆ ಬಳಲಿ ಹೊರನಡೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ವರ್ಷ ಬಿಡುವೇ ಇಲ್ಲದ ವೇಳಾಪಟ್ಟಿಯ ಬಗ್ಗೆ ಕೋಚ್‌ಗಳೂ ಆಟಗಾರ್ತಿಯರೂ ಬಹಿರಂಗವಾಗಿಯೇ ದೂರಿದರು. ಮರುವರ್ಷದಿಂದ ವಿರಾಮದ ದಿನಗಳು ಸೇರಿದವು.

ಈಗ ನೀವು ನೋಡಿದ ಫೈನಲ್ಸ್‌ಗೆ ಬರೋಣ. ಟೆಕ್ಸಸ್ ಟೆಕ್ ಅದಕ್ಕೂ ಮುಂಚೆ ಒಮ್ಮೆಯೂ ವರ್ಲ್ಡ್ ಸೀರೀಸ್ ತಲುಪಿರಲಿಲ್ಲ. ಕೋಚ್ ಗೆರಿ ಗ್ಲಾಸ್ಕೊಗೆ ಅಲ್ಲಿ ಅದು ಮೊದಲ ವರ್ಷ. ಹಿಂದಿನ ವರ್ಷ ಲೂಯಿಸಿಯಾನದ ಕೋಚ್ ಆಗಿದ್ದಾಗ, ಒಕ್ಲಹೋಮದ ಸತತ 71 ಗೆಲುವುಗಳ ಓಟವನ್ನು ನಿಲ್ಲಿಸಿದವರು ಇವರೇ. ಕ್ಯಾನಡಿ ಸ್ಟ್ಯಾನ್‌ಫರ್ಡ್‌ನಿಂದ ಬಂದವಳು. 2024ರಲ್ಲಿ ಅಲ್ಲಿದ್ದಾಗಲೇ ದೇಶದ ವರ್ಷದ ಕಾಲೇಜು ಆಟಗಾರ್ತಿ ಎನಿಸಿಕೊಂಡವಳು. 12ನೇ ಶ್ರೇಯಾಂಕದ ತಂಡ ಅವಳ ಬಲದಿಂದ ಒಕ್ಲಹೋಮ ಸಿಟಿಗೆ ಬಂತು. ಮೇ 29ರಿಂದ ಆ ತಂಡದ ಪರ ಪ್ರತಿಯೊಂದು ಎಸೆತವನ್ನೂ ಎಸೆದವಳು ಅವಳೊಬ್ಬಳೇ. ಓಲ್ ಮಿಸ್ ವಿರುದ್ಧ 1-0, ಯುಸಿಎಲ್‌ಎ ವಿರುದ್ಧ 3-1, ನಂತರ ಒಕ್ಲಹೋಮ ವಿರುದ್ಧ 3-2. ಗ್ಯಾಸೊ ಅವರ ನಾಲ್ಕು ವರ್ಷದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಒಬ್ಬಳ ತೋಳು ಏನೆಲ್ಲ ಮಾಡಬಲ್ಲದೋ ಅದನ್ನೆಲ್ಲ ಅಲ್ಲಿಯವರೆಗೆ ಮಾಡಿತ್ತು.

ಜೂನ್ 4, ಮೊದಲ ಪಂದ್ಯ. ಆರನೇ ಇನಿಂಗ್ಸ್‌ವರೆಗೆ ಟೆಕ್ 1-0 ಮುಂದಿತ್ತು. ಟೆಕ್ಸಸ್‌ನ ಇಬ್ಬರು ಎರಡನೇ ಮತ್ತು ಮೂರನೇ ಬೇಸ್‌ನಲ್ಲಿದ್ದರು, ಬ್ಯಾಟ್ ಹಿಡಿದು ಬಂದವಳು ರೀಸ್ ಆಟ್‌ವುಡ್. ಅವಳಿಗೆ ಹೊಡೆಯುವ ಅವಕಾಶವನ್ನೇ ಕೊಡದೆ ಉದ್ದೇಶಪೂರ್ವಕವಾಗಿ ನಾಲ್ಕು ಬಾಲ್ ಹೊರಗೆಸೆದು ಮೊದಲ ಬೇಸ್‌ಗೆ ಕಳಿಸುವುದೆಂದು ಟೆಕ್ ತೀರ್ಮಾನಿಸಿತು. ಕ್ಯಾನಡಿ ಹೊರಗೆಸೆಯುತ್ತಾ ಬಂದಳು. ಒಂದು ಎಸೆತ ಬೇಕಾದಷ್ಟು ಹೊರಗೆ ಹೋಗಲಿಲ್ಲ. ಆಟ್‌ವುಡ್ ಮುಂದೆ ಬಾಗಿ ಅದನ್ನು ಎಡಕ್ಕೆ ತಳ್ಳಿದಳು. ಎರಡು ರನ್ ಬಂತು, ಟೆಕ್ಸಸ್ 2-1ರಿಂದ ಗೆದ್ದಿತು. ಮಗಳಿಗೆ ಆ ದೃಶ್ಯವನ್ನು ಮತ್ತೆ ತೋರಿಸಿ. ಅದು ಕ್ಯಾನಡಿಯ ಬೇಜವಾಬ್ದಾರಿ ಎಂದವರು ಬಹಳ. ನಾನು ಹಾಗೆ ಕಾಣುವುದಿಲ್ಲ. ಬೇಕೆಂದೇ ಗುರಿ ಬಿಟ್ಟು, ನಿಧಾನವಾಗಿ ಎಸೆಯುವುದು ಪಿಚರ್‌ಗೆ ಅಭ್ಯಾಸವಿಲ್ಲದ ಕೆಲಸ, ಅದರಲ್ಲೂ ದಣಿದಾಗ. ಮತ್ತು ಮೂರು ಎಸೆತ ಸುಮ್ಮನೆ ನಿಂತು ನೋಡಿದ ಮೇಲೂ ಮೈಯೆಲ್ಲ ಕಣ್ಣಾಗಿ ಕಾದಿದ್ದ ಆಟ್‌ವುಡ್‌ಗೆ ಸಲ್ಲಬೇಕಾದ ಶ್ರೇಯ ಅದು.

ಜೂನ್ 5, ಎರಡನೇ ಪಂದ್ಯ. ಕ್ಯಾನಡಿ ಮತ್ತೆ ಇಡೀ ಪಂದ್ಯ ಎಸೆದಳು, ಟೆಕ್ 4-3ರಿಂದ ಗೆದ್ದಿತು. ನಿರ್ಣಾಯಕವಾದದ್ದು ಇಲ್ಲಿ ನಡೆಯಿತು, ಆದರೆ ಅದು ಸ್ಕೋರ್‌ಬೋರ್ಡ್‌ನಲ್ಲಿ ಕಾಣುವಂಥದ್ದಲ್ಲ. ಟೆಕ್ಸಸ್ ಕೋಚ್ ಮೈಕ್ ವೈಟ್ ತಮ್ಮ ಮೊದಲ ಪಿಚರ್ ಟೀಗನ್ ಕಾವನ್‌ಳನ್ನು ಆ ದಿನ ಆಡಿಸಲೇ ಇಲ್ಲ. ಗೆದ್ದರೆ ಆ ರಾತ್ರಿಯೇ ಪ್ರಶಸ್ತಿ. ಪಂದ್ಯ ಕೈಗೆಟಕುವ ದೂರದಲ್ಲಿತ್ತು. ಎಂಥವರಿಗೂ ಆಸೆ ಹುಟ್ಟುವ ಗಳಿಗೆ. ಅವರು ಬೇರೆ ಪಿಚರ್‌ಗಳಿಂದಲೇ ಆಡಿಸಿ, ಒಂದು ರನ್‌ನಿಂದ ಸೋತು, ಕಾವನ್‌ಗೆ ಒಂದು ದಿನದ ವಿಶ್ರಾಂತಿ ಉಳಿಸಿಕೊಂಡರು. ವೈಟ್ ನ್ಯೂಜಿಲೆಂಡ್ ಮೂಲದವರು, ಸ್ವತಃ ಹೆಸರಾಂತ ಫಾಸ್ಟ್‌ಪಿಚ್ ಪಿಚರ್ ಆಗಿದ್ದವರು. ಸತತ ಮೂರನೇ ದಿನ ತೋಳು ಹೇಗಿರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜೂನ್ 6. ಟೆಕ್ಸಸ್ ಬ್ಯಾಟರ್‌ಗಳು ಹಿಂದಿನ ಎರಡು ರಾತ್ರಿಗಳಲ್ಲಿ ಕ್ಯಾನಡಿಯನ್ನು ತಲಾ ಆರು ಸಲದ ಹತ್ತಿರ ಎದುರಿಸಿದ್ದರು. ಹಾಗಾಗಿ ಮೂರನೇ ಪಂದ್ಯದ ಮೊದಲ ಇನಿಂಗ್ಸ್ ಅವರ ಪಾಲಿಗೆ ಮೊದಲ ಭೇಟಿಯಾಗಿರಲಿಲ್ಲ, ಏಳನೆಯದಾಗಿತ್ತು. ಹಲವರು 2024ರಲ್ಲಿ, ಅವಳು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗಲೂ, ಇದೇ ಮೈದಾನದಲ್ಲಿ ಅವಳನ್ನು ಎದುರಿಸಿದ್ದವರು. ಅವಳಿಗೆ ಮಾತ್ರ ಅದು ಎಂಟು ಒಂಬತ್ತು ದಿನಗಳಲ್ಲಿ ಆರನೇ ಪಂದ್ಯ. ಮೊದಲ ಇನಿಂಗ್ಸ್‌ನಲ್ಲೇ ಲೀಆನ್ ಗೂಡ್‌ಳ ಮೂರು ರನ್‌ನ ಹೋಮ್‌ರನ್ ಸೇರಿ ಐದು ರನ್ ಬಂತು. ಗ್ಲಾಸ್ಕೊ ಆಮೇಲೆ ಅವಳನ್ನು ಕೂರಿಸಿದರು. ನನ್ನ ಲೆಕ್ಕದಲ್ಲಿ ಆ ನಿರ್ಧಾರ ಸರಿಯಾದದ್ದೇ. ಬ್ಯಾಟರ್‌ಗಳ ಕಣ್ಣಿಗೆ ಹೊಸ ಎಸೆತ ಬೇಕಿತ್ತು, ಅವಳ ಮೈಗೆ ಬಿಡುವು ಬೇಕಿತ್ತು. ತೊಂದರೆ ಎಂದರೆ, ಆ ಹಂತದಲ್ಲಿ ಬರುವ ಎರಡನೇ ಪಿಚರ್ ಒಂದು ವಾರದಿಂದ ಪಂದ್ಯದಲ್ಲಿ ಒಂದು ಎಸೆತವನ್ನೂ ಹಾಕಿರಲಿಲ್ಲ. ದೇಶದ ದೊಡ್ಡ ವೇದಿಕೆ, ಐದು ರನ್ ಹಿನ್ನಡೆ, ತುಂಬಿದ ಕ್ರೀಡಾಂಗಣ. ತಣ್ಣಗಾದ ತೋಳಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ನಾಲ್ಕನೇ ಇನಿಂಗ್ಸ್‌ನಲ್ಲಿ ಮಿಯಾ ಸ್ಕಾಟ್ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಹೋಮ್‌ರನ್, ಹೊಡೆದಳು. ಮೊಣಕಾಲಿನ ಲಿಗಮೆಂಟ್ ಹರಿದಿದ್ದರೂ ಆಡುತ್ತಿದ್ದಳೆಂಬುದು ಆಮೇಲೆ ತಿಳಿಯಿತು. 10-4ರಿಂದ ಟೆಕ್ಸಸ್ ಗೆದ್ದಿತು.

ಕಾವನ್ ಆ ವರ್ಲ್ಡ್ ಸೀರೀಸ್‌ನಲ್ಲಿ 31ಕ್ಕೂ ಹೆಚ್ಚು ಇನಿಂಗ್ಸ್ ಎಸೆದು, ತನ್ನ ಲೆಕ್ಕಕ್ಕೆ ಸೇರುವ ಒಂದು ರನ್ನನ್ನೂ ಕೊಡಲಿಲ್ಲ. ಅವಳೂ ಬಹಳವೇ ಎಸೆದಳು ಎಂಬುದನ್ನು ಮುಚ್ಚಿಡಲಾರೆ. ಟೆಕ್ಸಸ್‌ನದು ಒಕ್ಲಹೋಮದ 2023ರ ತಂಡದಂತೆ ಮೂವರ ಮೇಲೆ ಸಮನಾಗಿ ಹಂಚಿದ ಭಾರವಲ್ಲ. ವ್ಯತ್ಯಾಸವಿದ್ದದ್ದು ಇಷ್ಟೇ: ಒಕ್ಲಹೋಮ ವಿರುದ್ಧದ ಪಂದ್ಯವನ್ನು ಬೇರೆಯವರು ಶುರು ಮಾಡಿ ಅವಳು ಮುಗಿಸಿದಳು, ಫೈನಲ್ಸ್‌ನ ಎರಡನೇ ದಿನ ಅವಳು ಕೂತಳು. ಅಷ್ಟು ಉಳಿತಾಯವೇ ಸಾಕಾಯಿತು. ಆ ಉಳಿತಾಯಕ್ಕೆ ಧೈರ್ಯ ಬಂದದ್ದು ಜೂನ್‌ನಲ್ಲಲ್ಲ. ಫೆಬ್ರುವರಿ, ಮಾರ್ಚ್‌ನ ಪಂದ್ಯಗಳಲ್ಲಿ ಎರಡನೇ, ಮೂರನೇ ಪಿಚರ್‌ಗಳ ಕೈಗೆ ಚೆಂಡು ಕೊಟ್ಟು, ಅವರು ಹೊಡೆಸಿಕೊಂಡರೂ ತೆಗೆಯದೆ, ಕಷ್ಟದ ಇನಿಂಗ್ಸ್‌ನಿಂದ ತಾವೇ ಹೊರಬರಲು ಬಿಟ್ಟ ತಂಡಕ್ಕೆ ಮಾತ್ರ ಆ ಧೈರ್ಯ ಬರುತ್ತದೆ. ನನ್ನನ್ನು ಕೇಳಿದರೆ ಕಾಲೇಜು ಸೀಸನ್ನಿನ ಮೊದಲ ಎರಡು ತಿಂಗಳಿರುವುದೇ ಅದಕ್ಕಾಗಿ. ಮುಂದಿನ ಸಲ ಫೆಬ್ರುವರಿಯ ಪಂದ್ಯ ನೋಡುವಾಗ ಯಾರು ಗೆದ್ದರು ಎಂಬುದರ ಜೊತೆಗೆ, ಶನಿವಾರದ ಎರಡನೇ ಪಂದ್ಯವನ್ನು ಯಾರ ಕೈಗೆ ಕೊಟ್ಟರು, ಎರಡು ರನ್ ಹೋದ ಕೂಡಲೇ ಕೋಚ್ ಎದ್ದು ಬಂದರೋ ಕೂತೇ ಇದ್ದರೋ ಗಮನಿಸಿ. ಮೇ ತಿಂಗಳಲ್ಲಿ ಆ ತಂಡ ಎಲ್ಲಿಯವರೆಗೆ ಹೋದೀತೆಂದು ಅಲ್ಲೇ ಅಂದಾಜಾಗುತ್ತದೆ.

ಹಣದ ವಿಷಯ ಸ್ವಲ್ಪ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಪಡೆಯಬಹುದು. ಕ್ಯಾನಡಿಯ ಒಪ್ಪಂದ ಹತ್ತು ಲಕ್ಷ ಡಾಲರ್‌ಗೂ ಮಿಗಿಲೆಂದು ವರದಿಯಾಯಿತು. ಸಾಫ್ಟ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಕೇಳರಿಯದ ಮೊತ್ತ. ಅಷ್ಟು ಕೊಟ್ಟವರಿಗೆ ಅವಳನ್ನು ಬೆಂಚಿನ ಮೇಲೆ ನೋಡುವುದು ಕಷ್ಟ. ಅಷ್ಟು ಪಡೆದವಳಿಗೆ ಸಾಕಾಯಿತು ಎನ್ನುವುದು ಇನ್ನೂ ಕಷ್ಟ. ಅದರ ಬಗ್ಗೆ ನನಗೆ ಕಳವಳವಿದೆ. ಹಾಗೆಂದು ಆ ಹಣ ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ. 2025ರವರೆಗೆ ಡಿವಿಷನ್ 1ರ ಸಾಫ್ಟ್‌ಬಾಲ್ ತಂಡವೊಂದಕ್ಕೆ 12 ಪೂರ್ಣ ವಿದ್ಯಾರ್ಥಿವೇತನದಷ್ಟೇ ಮಿತಿಯಿತ್ತು, ಅದನ್ನೇ ಇಪ್ಪತ್ತು ಚಿಲ್ಲರೆ ಹುಡುಗಿಯರಿಗೆ ಹಂಚುತ್ತಿದ್ದರು. ಆ ಮಿತಿ ತೆಗೆದು, ತಂಡಕ್ಕೆ 25 ಮಂದಿ ಎಂಬ ಹೊಸ ವ್ಯವಸ್ಥೆ ತಂದ ನ್ಯಾಯಾಲಯದ ಒಪ್ಪಿಗೆ ಬಂದದ್ದು ಕಾಕತಾಳೀಯವಾಗಿ ಅದೇ ಜೂನ್ 6ರಂದು. ಆ ಮೂರನೇ ಪಂದ್ಯವನ್ನು ಟಿವಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಮರುದಿನವೇ ಮಹಿಳೆಯರ ಹೊಸ ವೃತ್ತಿಪರ ಲೀಗ್ ಕೂಡ ಶುರುವಾಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳುತ್ತಿರುವುದು ನಿಮಗೆ ಗೊತ್ತು. ಸಾಫ್ಟ್‌ಬಾಲ್ ಕೂಡ ಮರಳುತ್ತಿದೆ. ಅದರ ಪಂದ್ಯಗಳು ನಡೆಯುವುದು ನೀವು ಟಿವಿಯಲ್ಲಿ ಕಂಡ ಇದೇ ಡೆವೊನ್ ಪಾರ್ಕ್‌ನಲ್ಲಿ. ಆಸ್ಟಿನ್‌ನಿಂದ ಕಾರಿನಲ್ಲೇ ಹೋಗಿ ಬರುವಷ್ಟು ಹತ್ತಿರ, ಮಗಳನ್ನು ಕರೆದುಕೊಂಡು ಹೋಗಿ.

ಇನ್ನು ಅವಳ ತೋಳಿನ ವಿಷಯ. ಕೆಳಗಿನಿಂದ ಎಸೆಯುವುದು ದೇಹಕ್ಕೆ ಸಹಜ, ಆದ್ದರಿಂದ ಎಷ್ಟು ಎಸೆದರೂ ನಡೆಯುತ್ತದೆ ಎಂಬ ಮಾತನ್ನು 1990ರ ದಶಕದಿಂದಲೇ ದೇಹಚಲನೆಯ ಅಧ್ಯಯನಗಳು ಪ್ರಶ್ನಿಸುತ್ತಾ ಬಂದಿವೆ. ತೋಳನ್ನು ಪೂರ್ತಿ ಸುತ್ತಿ ಎಸೆಯುವ ಈ ವಿಂಡ್‌ಮಿಲ್ ಎಸೆತದಲ್ಲಿ ಭುಜ ಮತ್ತು ಮೊಣಕೈ ಮೇಲೆ ಬೀಳುವ ಬಲ ಬೇಸ್‌ಬಾಲ್ ಪಿಚರ್‌ನದಕ್ಕೆ ಹತ್ತಿರವೇ ಇರುತ್ತದೆ. ಸುತ್ತಿ ಬರುವ ತೋಳು ಚೆಂಡು ಬಿಡುವ ಮುನ್ನ ಕೀಲಿನಿಂದ ಹೊರಕ್ಕೆ ಎಳೆಯಲ್ಪಡುತ್ತದೆ. ಅದನ್ನು ಹಿಡಿದಿಡುವ ಕೆಲಸ ಬೈಸೆಪ್ಸ್ ಸ್ನಾಯುವಿನದು. ಅದಕ್ಕೇ ಸಾಫ್ಟ್‌ಬಾಲ್ ಪಿಚರ್‌ಗಳಿಗೆ ನೋವು ಹೆಚ್ಚಾಗಿ ಕಾಣಿಸುವುದು ಭುಜದ ಮುಂಭಾಗದಲ್ಲಿ. ಹದಿಮೂರು ವರ್ಷಕ್ಕೆ ಮೂಳೆಯ ಬೆಳವಣಿಗೆ ಮುಗಿದಿರುವುದಿಲ್ಲ, ಆದ್ದರಿಂದ ಎಚ್ಚರ ಇನ್ನೂ ಹೆಚ್ಚಿರಬೇಕು.

ಬೇಸ್‌ಬಾಲ್ ಆಡುವ ಗಂಡುಹುಡುಗರಿಗೆ ವಯಸ್ಸಿಗೆ ತಕ್ಕ ಎಸೆತದ ಮಿತಿ, ಕಡ್ಡಾಯ ವಿಶ್ರಾಂತಿಯ ದಿನಗಳು ಬಹಳ ಕಡೆ ಜಾರಿಯಲ್ಲಿವೆ. ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗೆ ಅಂಥ ರಕ್ಷಣೆ ವಿರಳ. ಇದು ನನಗೆ ಬಹಳ ಬೇಸರದ ವಿಷಯ. ನಿಯಮವಿಲ್ಲದಿದ್ದಾಗ ಲೆಕ್ಕವನ್ನು ಮನೆಯವರೇ ಇಡಬೇಕು. ವಾರಾಂತ್ಯದ ಟೂರ್ನಿಗಳಲ್ಲಿ ನಾಲ್ಕೈದು ಪಂದ್ಯ ಇರುತ್ತವೆ. ಪಂದ್ಯದ ಎಸೆತ ಮಾತ್ರವಲ್ಲದೆ ವಾರ್ಮ್‌ಅಪ್‌ನದು, ವಾರದ ನಡುವಿನ ಪಾಠದ್ದು, ಹಿತ್ತಲಲ್ಲಿ ನಿಮ್ಮ ಜೊತೆ ಎಸೆದದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸೀಸನ್ ಶುರುವಾಗುವ ಮುಂಚೆಯೇ ಕೋಚ್ ಹತ್ತಿರ ಮಾತಾಡಿ: ತಂಡದಲ್ಲಿ ಇನ್ನಿಬ್ಬರು ಪಿಚರ್‌ಗಳನ್ನು ತಯಾರು ಮಾಡುತ್ತೀರಾ, ನನ್ನ ಮಗಳು ಸತತ ಮೂರು ದಿನ ಎಸೆಯುವುದು ಬೇಡ, ಎಂದು. ಒಳ್ಳೆಯ ಕೋಚ್ ಇದನ್ನು ಅಧಿಕಪ್ರಸಂಗ ಎಂದುಕೊಳ್ಳುವುದಿಲ್ಲ. ಒಂದು ವೇಳೆ ಒಪ್ಪದಿದ್ದರೆ ತಂಡ ಬದಲಿಸಿ; ಆಸ್ಟಿನ್‌ನಲ್ಲಿ ತಂಡಗಳಿಗೆ ಬರವಿಲ್ಲ. ವರ್ಷದಲ್ಲಿ ಎರಡು ಮೂರು ತಿಂಗಳು ಪಿಚಿಂಗ್ ಪೂರ್ತಿ ಬಿಡಿಸಿ, ಆ ಹೊತ್ತಿನಲ್ಲಿ ಈಜಲಿ, ಓಡಲಿ, ಬೇರೆ ಆಟ ಆಡಲಿ. ಕಾಲು, ಸೊಂಟ, ಬೆನ್ನು ಗಟ್ಟಿಯಾದಷ್ಟೂ ಭುಜದ ಮೇಲಿನ ಭಾರ ಇಳಿಯುತ್ತದೆ.

ಈ ವಯಸ್ಸಿನ ಮಕ್ಕಳು ನೋವನ್ನು ಹೇಳುವುದಿಲ್ಲ, ಆಡಿಸುವುದಿಲ್ಲವೆಂಬ ಭಯ ಅವರಿಗೆ. ಆದ್ದರಿಂದ ನೋಯುತ್ತಿದೆಯಾ ಎಂದು ಕೇಳಬೇಡಿ, ಎಲ್ಲಿ ಬಿಗಿಯಾಗಿದೆ ಎಂದು ಕೇಳಿ. ಎಸೆದ ಮರುದಿನ ಸ್ನಾಯು ನೋವು ಸಹಜ. ಆದರೆ ಭುಜದ ಮುಂಭಾಗದಲ್ಲಿ ಒಂದೇ ಕಡೆ ಬೆರಳಿಟ್ಟು ತೋರಿಸುವಂಥ ನೋವು, ಎರಡು ದಿನ ಕಳೆದರೂ ಇಳಿಯದ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಕೈ ಬೆರಳಿಗೆ ಜೋಮು, ಕಾರಣವಿಲ್ಲದೆ ವೇಗ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಚೆಂಡು ಕೆಳಗಿಡಿಸಿ ಮಕ್ಕಳ ಕ್ರೀಡಾವೈದ್ಯರಿಗೆ ತೋರಿಸಿ. ಅವರು ಸರಿಯೆನ್ನುವವರೆಗೆ ಅವಳು ಬ್ಯಾಟಿಂಗ್ ಕೂಡ ಮಾಡಬೇಕೋ ಬೇಡವೋ ಎಂಬುದನ್ನು ಅವರನ್ನೇ ಕೇಳಿ. ಮುಂದಿನ ವಾರ ಎಷ್ಟೇ ದೊಡ್ಡ ಟೂರ್ನಿ ಇರಲಿ, ಆ ಉತ್ತರ ಬರುವವರೆಗೆ ಕಾಯಿರಿ.